ಮನದ ನೋವಿಗೊಂದು ಅಳತೆಗೋಲು

ಮೈ ಬಿಸಿಯಾದರೆ ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ವೈದ್ಯರು ಉಷ್ಣಮಾಪಕವನ್ನಿಟ್ಟು ಜ್ವರ ಎಷ್ಟೆಂದು ಹೇಳುತ್ತಾರೆ. ಆದರೆ ಮನಸ್ಸು ನೊಂದಾಗ ಮುಟ್ಟಿ ನೋಡಲು ಹಣೆಯಿಲ್ಲ. ಹಾಗಾದರೆ ಆ ನೋವನ್ನು ಅಳೆಯುವುದು ಹೇಗೆ? ಮಕ್ಕಳನ್ನು ಕಾಡುವ ಒಂದು ಕಾಯಿಲೆಯ ಮೂಲಕ ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅವಳು ಜಾಣೆ, ಆದರೂ ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ಮುಗಿಸಲಾರಳು. ಬರೆದುದನ್ನು ಅಳಿಸಿ ಮತ್ತೆ ಬರೆಯುತ್ತಾಳೆ; ಕಾಗದ ಹರಿಯುವವರೆಗೂ ಅಳಿಸುತ್ತಾಳೆ. ಉಪಾಧ್ಯಾಯರು ಅವಳನ್ನು ಮಂದಗತಿಯವಳೆನ್ನುತ್ತಾರೆ, ಗೆಳತಿಯರು ನಗುತ್ತಾರೆ. ಅಕ್ಷರ ಸರಿಯಾಗಿ ಮೂಡದಿದ್ದರೆ ಮನೆಯಲ್ಲಿರುವ ತಾಯಿಗೆ ಕೇಡಾದೀತೆಂಬ ಭಯವೇ ಅವಳ ಕೈಯಿಂದ ಹಾಗೆ ಮಾಡಿಸುತ್ತಿದೆಯೆಂಬುದು ಯಾರಿಗೂ ತಿಳಿಯದು. ಆ ಭಯಕ್ಕೆ ಆಧಾರವಿಲ್ಲವೆಂದು ಅವಳಿಗೂ ಗೊತ್ತು. ಗೊತ್ತಿದ್ದರೂ ಬಿಡಲಾಗದು, ಬಿಡಲಾಗದೆಂದು ಹೇಳಿಕೊಳ್ಳಲು ನಾಚಿಕೆ.

ಇದಕ್ಕೆ ಗೀಳು ಮನೋರೋಗವೆಂದು ಹೆಸರು. ಬೇಡವೆಂದರೂ ಮತ್ತೆ ಮತ್ತೆ ನುಗ್ಗಿ ಬರುವ ಯೋಚನೆ ಗೀಳು ಆಲೋಚನೆ. ಅದು ತಂದ ಕಳವಳವನ್ನು ತಣಿಸಲು ಮಾಡುವ ತೊಳೆಯುವಿಕೆ, ಎಣಿಕೆ, ಪರೀಕ್ಷೆ, ಜೋಡಣೆ ಮುಂತಾದುವು ಗೀಳು ಕ್ರಿಯೆಗಳು. ಕ್ರಿಯೆಯಿಂದ ದೊರೆಯುವ ನೆಮ್ಮದಿ ಕ್ಷಣಿಕ. ಆಲೋಚನೆ ಮರಳುತ್ತದೆ, ಕ್ರಿಯೆಯೂ ಮರಳುತ್ತದೆ. ನೂರು ಮಕ್ಕಳಲ್ಲಿ ಸುಮಾರು ಒಬ್ಬರು ಅಥವಾ ಇಬ್ಬರನ್ನು ಇದು ಬಾಧಿಸುತ್ತದೆ.

ಆದರೆ ಪುನರಾವರ್ತನೆಯೆಲ್ಲ ರೋಗವಲ್ಲ. ಎಳೆಯ ಮಗು ಪ್ರತಿರಾತ್ರಿ ಅದೇ ಕಥೆಯನ್ನು ಅದೇ ಮಾತುಗಳಲ್ಲಿ ಹೇಳೆಂದು ಹಟ ಹಿಡಿಯುತ್ತದೆ. ಅಜ್ಜಿ ಮಡಿಯುಟ್ಟು ಅಡುಗೆ ಮಾಡುತ್ತಾಳೆ. ಭಕ್ತನು ಜಪಮಣಿಗಳನ್ನು ಎಣಿಸುತ್ತಾನೆ. ಇವು ವಯಸ್ಸಿಗೂ ಆಚಾರಕ್ಕೂ ಸಹಜವಾದುವು. ಮನಸ್ಸಿಗೆ ಸಮಾಧಾನವನ್ನು ಕೊಡುತ್ತವೆ. ಆದುದರಿಂದ ಕ್ರಿಯೆಯೊಂದನ್ನೇ ಹೊರಗಿನಿಂದ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಮಗು ಏನು ಮಾಡುತ್ತದೆ ಎಂಬುದಕ್ಕಿಂತ, ಅದು ಮಗುವಿನ ಬಾಳಿನಿಂದ ಎಷ್ಟನ್ನು ಕಸಿದುಕೊಳ್ಳುತ್ತಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳುವ ಮಾನಕವೊಂದನ್ನು ಅಮೆರಿಕದ ಯೇಲ್ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳ ತಜ್ಞರು ರೂಪಿಸಿದರು. ವೇಯ್ನ್ ಗುಡ್‌ಮನ್ ಮತ್ತು ಅವರ ಸಂಗಡಿಗರು ಅದನ್ನು ೧೯೮೯ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿದ ರೂಪದ ಅಧ್ಯಯನವನ್ನು ಲಾರೆನ್ಸ್ ಸ್ಕೇಹಿಲ್ ಮತ್ತು ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದರು. ಇದು ೬ರಿಂದ ೧೭ ವರ್ಷದವರಿಗಾಗಿ ಇರುವ ಮಾನಕ.

ಮೊದಲು ತರಬೇತಿ ಪಡೆದ ವೈದ್ಯರು ಪಟ್ಟಿಯೊಂದನ್ನು ಮುಂದಿಟ್ಟುಕೊಂಡು, ಯಾವ ಯಾವ ಆಲೋಚನೆಗಳು, ಯಾವ ಯಾವ ಕ್ರಿಯೆಗಳು ಇವೆಯೆಂದು ವಿಚಾರಿಸುತ್ತಾರೆ. ಬಳಿಕ ಐದು ವಿಷಯಗಳನ್ನು ಕೇಳುತ್ತಾರೆ: ದಿನದಲ್ಲಿ ಎಷ್ಟು ಹೊತ್ತು ಹೋಗುತ್ತದೆ? ಓದಿಗೂ ಆಟಕ್ಕೂ ಎಷ್ಟು ಅಡ್ಡಿಯಾಗುತ್ತದೆ? ಎಷ್ಟು ಸಂಕಟವಾಗುತ್ತದೆ? ಅದನ್ನು ಎದುರಿಸಲು ಎಷ್ಟು ಪ್ರಯತ್ನಿಸುವೆ? ಅದರ ಮೇಲೆ ನಿನಗೆ ಎಷ್ಟು ಹಿಡಿತವಿದೆ? ಆಲೋಚನೆಗಳಿಗೆ ಐದು, ಕ್ರಿಯೆಗಳಿಗೆ ಐದು, ಒಟ್ಟು ಹತ್ತು ಅಂಶಗಳು. ಒಂದೊಂದಕ್ಕೂ ೦ಯಿಂದ ೪ರವರೆಗೆ ಅಂಕ, ಒಟ್ಟು ೪೦. ದಿನಕ್ಕೆ ಒಂದು ಗಂಟೆಗಿಂತ ಕಡಿಮೆ ಹೊತ್ತು ಹೋದರೆ ಅಂಕ ೧. ಎಂಟು ಗಂಟೆಗೂ ಮಿಕ್ಕಿದರೆ ೪. ಇಲ್ಲಿ ಅಂಕ ಹೆಚ್ಚಿದಷ್ಟೂ ಕಾಯಿಲೆಯ ಬಾಧೆ ಹೆಚ್ಚು.

ನಾಲ್ಕನೆಯ ಪ್ರಶ್ನೆ ಗಮನಾರ್ಹವಾದುದು. ಮಗು ಗೀಳನ್ನು ಎದುರಿಸಲು ಹೆಣಗಿದಷ್ಟೂ ಅಂಕ ಇಳಿಯುತ್ತದೆ, ಗೆದ್ದಿರಬೇಕೆಂಬ ನಿಯಮವಿಲ್ಲ. ಸೋತರೂ ಹೋರಾಡುತ್ತಿರುವುದನ್ನು ಈ ಮಾನಕ ಆರೋಗ್ಯದ ಗುರುತಾಗಿಯೇ ಎಣಿಸುತ್ತದೆ.

ತಂದೆತಾಯಿಗಳನ್ನೂ ವಿಚಾರಿಸಬೇಕಾಗುತ್ತದೆ. ಎಳೆಯ ಮಕ್ಕಳಿಗೆ ತಮ್ಮ ವರ್ತನೆಯಲ್ಲಿ ಅತಿರೇಕವಿದೆಯೆಂದು ತೋರದಿರಬಹುದು. ದೊಡ್ಡ ಮಕ್ಕಳು ಮುಚ್ಚಿಡಬಹುದು. ಮನೆಯವರು ಕನಿಕರದಿಂದ ಮಗುವಿನ ಪರವಾಗಿ ತಾವೇ ಬೀಗವನ್ನು ಹತ್ತು ಸಲ ಎಳೆದು ನೋಡುವುದೂ ಉಂಟು. ಆದರೆ ಒಳಗಿನ ಭಯವನ್ನು ಮಗುವೇ ಹೇಳಬೇಕು. ಅದಕ್ಕಾಗಿ ವೈದ್ಯರು ಮಗುವಿನೊಡನೆ ಬೇರೆಯಾಗಿಯೂ ಮಾತನಾಡುವರು. ಇಂಥ ಯೋಚನೆಗಳು ಬೇರೆ ಮಕ್ಕಳಿಗೂ ಬರುತ್ತವೆ, ಬಂದುದರಿಂದ ಯಾರೂ ಕೆಟ್ಟವರಾಗುವುದಿಲ್ಲ ಎಂದು ತಿಳಿದಾಗ, ಎಷ್ಟೋ ಮಕ್ಕಳು ಮೊದಲ ಬಾರಿಗೆ ಬಾಯಿ ಬಿಡುತ್ತಾರೆ.

ಒಟ್ಟು ಅಂಕವೊಂದರಿಂದಲೇ ರೋಗವನ್ನು ನಿರ್ಣಯಿಸಲಾಗದು. ಅದು ಬಾಧೆಯ ತೀವ್ರತೆಯನ್ನಷ್ಟೇ ತೋರಿಸುತ್ತದೆ. ಚಿಕಿತ್ಸೆ ನಡೆದಂತೆ ಮತ್ತೆ ಅಳೆದಾಗ ಅದರ ಪ್ರಯೋಜನ ಅರಿವಾಗುತ್ತದೆ. ನಮ್ಮ ಹುಡುಗಿಯು ಚಿಕಿತ್ಸಕರ ನೆರವಿನಿಂದ ಮೊದಲು ಒಂದು ವಕ್ರಾಕ್ಷರವನ್ನು ಅಳಿಸದೆ ಬಿಡುತ್ತಾಳೆ. ಕಳವಳ ಏರುತ್ತದೆ, ಕೆಲಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ಮರುದಿನ ಒಂದು ಸಾಲನ್ನು, ಅನಂತರ ಒಂದು ಪುಟವನ್ನು ಹಾಗೆಯೇ ಬಿಡುತ್ತಾಳೆ. ಅಗತ್ಯವಿದ್ದರೆ ವೈದ್ಯರು ಔಷಧವನ್ನೂ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಕಾಯಿಲೆಗೆ ವಿಶೇಷ ಚಿಕಿತ್ಸಾಲಯವಿದೆ. ಭಾರತ ಸರ್ಕಾರ ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಗೆಳೆಯರಿಗೆ ಅಂಕ ಹಾಕುವ ಕೆಲಸ ನಮ್ಮದಲ್ಲ. ಅದು ಬಲ್ಲವರ ಕೆಲಸ. ಆದರೆ ಪಕ್ಕದ ಬೆಂಚಿನಲ್ಲಿ ಕಾಗದ ಹರಿಯುವ ಸದ್ದು ಕೇಳಿದಾಗ ನಗದಿರುವುದು ನಮ್ಮ ಕೈಯಲ್ಲಿದೆ. ನಾವು ನಗದಿದ್ದರೆ, ಅವಳು ಯಾರಿಗಾದರೂ ಹೇಳಿಯಾಳು. ಅವಳು ಹೇಳಿದ ಮೇಲಲ್ಲವೇ ಅಳೆಯುವ ಮಾತು!