ಡಿಸೈರ್ ಸಾಕೇ, ಸಿಟಿ ಬೇಕೇ?

ಪ್ರಶ್ನೆ: ಹಾಸನದಲ್ಲಿ ಶಿಕ್ಷಕಿ. ಮನೆಯಲ್ಲಿ ಅತ್ತೆ ಸೇರಿ ನಾಲ್ವರು. ಡಿಸೈರ್‌ಗೆ ಹಣವಿದೆ. ಸಾಲ ಮಾಡಿ ಹೋಂಡಾ ಸಿಟಿ ಕೊಳ್ಳಲೇ?

ಉತ್ತರ: ಬೇಡ ಮೇಡಂ, ಡಿಸೈರ್ ಸಾಕು. ಎರಡಕ್ಕೂ ಆನ್‌ರೋಡ್ ಬೆಲೆ ಬರೆಸಿಕೊಂಡು ನೋಡಿ. ನಮ್ಮಲ್ಲಿ ಕಾರಿನ ಬೆಲೆ 10 ಲಕ್ಷ ದಾಟಿದರೆ ಜೀವಾವಧಿ ತೆರಿಗೆ ಶೇ 14ರಿಂದ 17ಕ್ಕೆ ಏರುತ್ತದೆ, ಸೆಸ್ ಬೇರೆ. ಸುರಕ್ಷತೆಯ ಅಳುಕೂ ಬೇಡ; 2024ರ ಡಿಸೈರ್‌ಗೆ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್ ಸಿಕ್ಕಿದೆ. ಸಿಟಿಯ ಹೆಚ್ಚುಗಾರಿಕೆ ಅದರ 1.5 ಲೀಟರ್ ಎಂಜಿನ್. ನಾಲ್ವರನ್ನೂ ಲಗೇಜನ್ನೂ ಹೊತ್ತು ಶಿರಾಡಿ ಘಾಟಿ ಹತ್ತುವಾಗ ಅದು ಗೊತ್ತಾಗುತ್ತದೆ. ಅತ್ತೆಯವರನ್ನು ಕೂರಿಸಿಯೇ ಟೆಸ್ಟ್ ಡ್ರೈವ್ ಮಾಡಿ, ಹತ್ತಿ ಇಳಿಯಲು ಮಂಡಿ ಒಪ್ಪಬೇಕಲ್ಲ! ಮಂಗಳೂರಿಗೆ ಪದೇ ಪದೇ ಓಡಾಟವಿದ್ದರೆ ಸೆಕೆಂಡ್‌ಹ್ಯಾಂಡ್ ಸಿಟಿ ನೋಡಬಹುದು. ಆಗ ನಂಬಿಕಸ್ಥ ಮೆಕ್ಯಾನಿಕ್‌ಗೆ ತೋರಿಸಿ, ಆರ್‌ಸಿಯಲ್ಲಿ ಹಳೇ ಸಾಲದ ನಮೂದು ತೆಗೆಸಿದ ಮೇಲಷ್ಟೇ ಮುಂಗಡ ಕೊಡಿ.