ಚಿತ್ರ ಮಂಕಾಗಿ ಮತ್ತೆ ಬೆಳಗುತ್ತಿದೆಯೇ? ಕೆಟ್ಟಿರುವುದು ವಿಸಿಆರ್ ಅಲ್ಲ

ಹಳೆಯ ಮದುವೆ ಕ್ಯಾಸೆಟ್ ನೋಡಬೇಕೆಂದು ಅಟ್ಟದ ಮೇಲಿದ್ದ ವಿಸಿಆರ್ ಇಳಿಸಿ, ಬೆಲ್ಟ್ ಹಾಕಿಸಿ, ರಿಪೇರಿ ಮಾಡಿಸಿದ್ದಾಯಿತು. ಅದು ಓಡತೊಡಗಿದ ಮೇಲೆ ಇನ್ನೊಂದು ಆಸೆ ಹುಟ್ಟುತ್ತದೆ: ಡಿಟಿಎಚ್‌ನಲ್ಲಿ ದುಡ್ಡು ಕಟ್ಟಿ ತರಿಸಿಕೊಂಡ ಸಿನಿಮಾವನ್ನೂ ಇದರಲ್ಲೇ ತುಂಬಿಸಿಟ್ಟುಕೊಂಡರೆ ಹೇಗೆ? ವೈರು ಜೋಡಿಸಿ, ರೆಕಾರ್ಡ್ ಬಟನ್ ಒತ್ತಿ ಮಲಗುತ್ತೀರಿ. ಬೆಳಿಗ್ಗೆ ಹಾಕಿ ನೋಡಿದರೆ ಚಿತ್ರ ಒಮ್ಮೆ ಕಣ್ಣು ಕುಕ್ಕುವಷ್ಟು ಬೆಳಗುತ್ತದೆ, ಮರುಕ್ಷಣ ಕತ್ತಲೆ. ‘ವೋಲ್ಟೇಜ್ ಸರಿಯಿಲ್ಲ’ ಎನ್ನುತ್ತಾರೆ ಮನೆಯವರು. ಹೊಸ ಸ್ಟೆಬಿಲೈಸರ್ ಬರುತ್ತದೆ. ಚಿತ್ರ ಮಾತ್ರ ಹಾಗೆಯೇ ಇರುತ್ತದೆ.

ಅದು ವೋಲ್ಟೇಜ್ ದೋಷವಲ್ಲ. ಡಿಷ್, ಸೆಟ್‌ಟಾಪ್ ಬಾಕ್ಸ್, ಕೇಬಲ್, ವಿಸಿಆರ್, ಕ್ಯಾಸೆಟ್ ಈ ಐದರಲ್ಲಿ ಯಾವುದು ಕೈಕೊಟ್ಟರೂ ಚಿತ್ರ ಕೆಡುತ್ತದೆ. ಆದರೆ ಒಂದೊಂದೂ ಕೆಡುವ ಬಗೆ ಬೇರೆ. ಅದನ್ನು ಗುರುತು ಹಿಡಿದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ರಿಪೇರಿ ಮುಗಿದಂತೆ.

ಮೊದಲು: ನಿಮ್ಮಲ್ಲಿರುವುದು ವಿಸಿಆರೋ, ವಿಸಿಪಿಯೋ?

ನಮ್ಮೂರುಗಳಲ್ಲಿ ಒಂದು ಕಾಲಕ್ಕೆ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ ನೋಡುತ್ತಿದ್ದ ಪೆಟ್ಟಿಗೆಗಳಲ್ಲಿ ಬಹಳಷ್ಟು ವಿಸಿಪಿಗಳು. ಅವು ಕ್ಯಾಸೆಟ್ ತೋರಿಸುತ್ತವೆ, ತುಂಬಿಸಿಕೊಳ್ಳುವುದಿಲ್ಲ. ಮುಂಭಾಗದಲ್ಲಿ ಕೆಂಪು ಚುಕ್ಕೆಯ ರೆಕಾರ್ಡ್ ಬಟನ್, ಹಿಂಭಾಗದಲ್ಲಿ ‘ಇನ್’ ಎಂದು ಬರೆದ ಹಳದಿ ತೂತು ಇವೆರಡೂ ಇದ್ದರೆ ಮಾತ್ರ ಮುಂದುವರಿಯಿರಿ.

ಪೆಟ್ಟಿಗೆ ಎಲ್ಲಿಂದ ಬಂದದ್ದು ಎಂಬುದೂ ಮುಖ್ಯ. ಕೊಲ್ಲಿ ದೇಶಗಳಿಂದ ಕರಾವಳಿಯ ಮನೆಗಳಿಗೆ ಬಂದ ವಿಸಿಆರ್‌ಗಳಲ್ಲಿ ಮಲ್ಟಿ ಸಿಸ್ಟಮ್ ಮಾದರಿಗಳು ಹೆಚ್ಚು; ಅವಕ್ಕೆ ನಮ್ಮ ಪಾಲ್ ಪದ್ಧತಿಯೂ ಗೊತ್ತು, ಅಮೆರಿಕದ ಎನ್‌ಟಿಎಸ್‌ಸಿಯೂ ಗೊತ್ತು. ಅಮೆರಿಕದಿಂದ ತಂದದ್ದಾದರೆ ಸಾಮಾನ್ಯವಾಗಿ ಎನ್‌ಟಿಎಸ್‌ಸಿ ಮಾತ್ರ. ಜೊತೆಗೆ ಅದು 120 ವೋಲ್ಟ್‌ನದು. ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟೇ ಹೋದೀತು. ಹಿಂಬದಿಯ ಚೀಟಿ ಓದಿ.

ಜೋಡಿಸುವ ಕ್ರಮ

1. ಎಲ್ಲವನ್ನೂ ಆಫ್ ಮಾಡಿ. ಬಾಕ್ಸಿನ ‘ಎವಿ ಔಟ್’ನಿಂದ ವಿಸಿಆರ್‌ನ ‘ಎವಿ ಇನ್’ಗೆ ಮೂರು ಬಣ್ಣದ ಕೇಬಲ್ ಕೊಡಿ: ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ವಿಸಿಆರ್ ಮೋನೋ ಆಗಿದ್ದು ಒಂದೇ ಧ್ವನಿ ತೂತಿದ್ದರೆ ಬಿಳಿಯದನ್ನು ಹಾಕಿ.

2. ವಿಸಿಆರ್‌ನ ‘ಔಟ್’ನಿಂದ ಟಿವಿಯ ಎವಿ ತೂತಿಗೆ ಇನ್ನೊಂದು ಕೇಬಲ್.

3. ಬಾಕ್ಸಿನಲ್ಲಿ ಎಚ್‌ಡಿಎಂಐ ಇದ್ದರೆ ಅದನ್ನು ನೇರವಾಗಿ ಟಿವಿಗೆ ಕೊಡಿ. ದಿನನಿತ್ಯ ನೋಡುವುದು ಈ ದಾರಿಯಲ್ಲಿ, ರೆಕಾರ್ಡ್ ಆಗುವುದು ಆ ದಾರಿಯಲ್ಲಿ. ಈ ಎರಡು ದಾರಿಗಳನ್ನು ಏಕೆ ಬೇರೆ ಇಡಬೇಕೆಂದು ಮುಂದೆ ತಿಳಿಯುತ್ತದೆ.

4. ವಿಸಿಆರ್ ಆನ್ ಮಾಡಿ ಇನ್‌ಪುಟ್ ಬದಲಿಸಿ. ಡಿಸ್‌ಪ್ಲೇಯಲ್ಲಿ ಚಾನೆಲ್ ಸಂಖ್ಯೆಯ ಬದಲು ‘ಎವಿ’, ‘ಎಲ್1’ ಅಥವಾ ‘ಆಕ್ಸ್’ ಎಂದು ಬರಬೇಕು. ವಿಸಿಆರ್‌ನ ಸ್ವಂತ ಟ್ಯೂನರ್‌ಗೆ ಡಿಟಿಎಚ್ ಚಾನೆಲ್‌ಗಳು ಸಿಗುವುದಿಲ್ಲ. ಬಾಕ್ಸ್ ಆ ಹೊತ್ತಿಗೆ ಏನು ತೋರಿಸುತ್ತಿದೆಯೋ ಅದಷ್ಟೇ ಟೇಪಿಗೆ ಇಳಿಯುತ್ತದೆ. ನಡುವೆ ಯಾರಾದರೂ ಧಾರಾವಾಹಿಗೆ ಚಾನೆಲ್ ತಿರುಗಿಸಿದರೆ ನಿಮ್ಮ ಸಿನಿಮಾದ ಕ್ಲೈಮ್ಯಾಕ್ಸಿನಲ್ಲಿ ಅತ್ತೆ–ಸೊಸೆ ಜಗಳವೇ ರೆಕಾರ್ಡ್ ಆಗಿರುತ್ತದೆ. ರಿಮೋಟ್ ಎತ್ತಿಡಿ.

ಐದು ನಿಮಿಷದ ಚಂದನ ಪರೀಕ್ಷೆ

ಸಿನಿಮಾಕ್ಕೆ ದುಡ್ಡು ಕಟ್ಟುವ ಮುನ್ನ ಇದನ್ನು ಮಾಡಲೇಬೇಕು. ಇದೇ ಬಾಕ್ಸ್, ಇದೇ ಕೇಬಲ್, ಇದೇ ಕ್ಯಾಸೆಟ್ ಇಟ್ಟುಕೊಂಡು ದೂರದರ್ಶನದ ಚಂದನ ವಾಹಿನಿಯನ್ನು ಐದು ನಿಮಿಷ ರೆಕಾರ್ಡ್ ಮಾಡಿ, ಹಿಂದಕ್ಕೆ ಸುತ್ತಿ ನೋಡಿ. ಅದು ಸಾರ್ವಜನಿಕ ಉಚಿತ ವಾಹಿನಿ. ಅದಕ್ಕೆ ರೆಕಾರ್ಡಿಂಗ್ ಬೀಗವಿರುವುದಿಲ್ಲ.

ಚಂದನವೂ ಕೆಟ್ಟು ಬಂದರೆ ತೊಡಕು ನಿಮ್ಮ ಮನೆಯೊಳಗಿನದು. ಕೆಳಗಿನ ಲಕ್ಷಣಗಳನ್ನು ಒಂದೊಂದಾಗಿ ನೋಡಿ. ಚಂದನ ಚೆನ್ನಾಗಿ ಬಂದು ದುಡ್ಡು ಕಟ್ಟಿದ ಸಿನಿಮಾ ಮಾತ್ರ ಕೆಟ್ಟರೆ, ಯಂತ್ರಗಳೆಲ್ಲ ಸರಿಯಾಗಿವೆ. ತಡೆ ಹಾಕಿದವರು ಬೇರೆ.

ಲಕ್ಷಣ 1: ಬರೀ ನೀಲಿ ಪರದೆ

ವಿಸಿಆರ್‌ಗೆ ಚಿತ್ರವೇ ತಲುಪುತ್ತಿಲ್ಲ. ಮೊದಲು ಇನ್‌ಪುಟ್ ಎವಿಯಲ್ಲಿದೆಯೇ ನೋಡಿ. ಕರೆಂಟ್ ಹೋಗಿ ಬಂದಾಗ ಕೆಲವು ವಿಸಿಆರ್‌ಗಳು ತಾವಾಗಿಯೇ ಟ್ಯೂನರ್‌ಗೆ ಮರಳುತ್ತವೆ. ಆಮೇಲೆ ‘ಇನ್’, ‘ಔಟ್’ ಅದಲುಬದಲಾಗಿದೆಯೇ ನೋಡಿ.

ಹೊಸ ಎಚ್‌ಡಿ ಬಾಕ್ಸುಗಳಲ್ಲಿ ಮೂರು ಬಣ್ಣದ ತೂತುಗಳ ಬದಲು ಇಯರ್‌ಫೋನ್ ಪಿನ್ ಸೇರುವಂಥ ಒಂದೇ ತೂತು ಇರುವುದುಂಟು. ಅದಕ್ಕೆ ಹಾಕುವ ಕೇಬಲ್ ನೋಡಲು ಒಂದೇ ತರ ಇದ್ದರೂ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ತಪ್ಪು ಕೇಬಲ್ ಹಾಕಿದರೆ ಚಿತ್ರ ಬರುವುದಿಲ್ಲ, ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು ಬರುತ್ತದೆ. ಚಿತ್ರದ ಸಿಗ್ನಲ್ ಧ್ವನಿಯ ತಂತಿಯಲ್ಲಿ ಹರಿಯುತ್ತಿದೆ ಎಂದರ್ಥ. ಹಳದಿ ಪಿನ್ನಿನ ಜಾಗಕ್ಕೆ ಕೆಂಪು, ಆಮೇಲೆ ಬಿಳಿ ಹಾಕಿ ನೋಡಿ; ಒಂದರಲ್ಲಿ ಚಿತ್ರ ಮೂಡಬಹುದು. ಎಚ್‌ಡಿಎಂಐ ಮಾತ್ರ ಇರುವ ಬಾಕ್ಸ್ ಆದರೆ ನೇರ ದಾರಿಯಿಲ್ಲ. ವಿಸಿಆರ್‌ಗೆ ಎಚ್‌ಡಿ ಸಿಗ್ನಲ್ ಅರ್ಥವಾಗುವುದಿಲ್ಲ.

ಲಕ್ಷಣ 2: ಕಪ್ಪು–ಬಿಳುಪು ಚಿತ್ರ, ಅಥವಾ ಉರುಳುವ ಚಿತ್ರ

ಪದ್ಧತಿ ಹೊಂದುತ್ತಿಲ್ಲ. ಪಾಲ್ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚೌಕಟ್ಟು. ಎನ್‌ಟಿಎಸ್‌ಸಿಗೆ 525 ಗೆರೆ, ಸುಮಾರು 30 ಚೌಕಟ್ಟು. ಬಾಕ್ಸಿನ ಮೆನುವಿನಲ್ಲಿ ವಿಡಿಯೋ ಔಟ್‌ಪುಟ್ ಎಂಬಲ್ಲಿಗೆ ಹೋಗಿ ಪಾಲ್ ಆರಿಸಿ. ವಿಸಿಆರ್ ಹಿಂಬದಿಯಲ್ಲಿ ಪದ್ಧತಿ ಬದಲಿಸುವ ಸ್ವಿಚ್ ಇದ್ದರೆ ಅದನ್ನೂ ಪಾಲ್‌ಗೆ ತನ್ನಿ.

ಲಕ್ಷಣ 3: ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ

ಈ ಚೌಕಗಳು ಟೇಪಿನವಲ್ಲ. ಡಿಜಿಟಲ್ ಸಿಗ್ನಲ್ ಕೆಟ್ಟಾಗ ಮಾತ್ರ ಚಿತ್ರ ಚೌಕವಾಗಿ ಒಡೆಯುತ್ತದೆ, ಆದ್ದರಿಂದ ವಿಸಿಆರ್ ಬಿಟ್ಟು ತಾರಸಿಗೆ ಹೋಗಿ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಅಲೆಗಳನ್ನು ದಪ್ಪ ಮಳೆಹನಿ ಹೀರಿಕೊಳ್ಳುತ್ತದೆ. ಸುಮಾರು 36,000 ಕಿಲೋಮೀಟರ್ ದೂರದಿಂದ ಬರುವ ಸಿಗ್ನಲ್ ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ, ನಮ್ಮ ಮಳೆಮೋಡದಲ್ಲೇ ಸೋಲುತ್ತದೆ. ಆಷಾಢದ ಮಲೆನಾಡಿನಲ್ಲಿ ದುಡ್ಡು ಕಟ್ಟಿ ಸಿನಿಮಾ ತರಿಸುವವರು ಆಕಾಶ ನೋಡಿ ತರಿಸುವುದು ಒಳ್ಳೆಯದು.

ಮಳೆಯಿಲ್ಲದಾಗಲೂ ಚೌಕ ಬಂದರೆ ಡಿಷ್‌ನ ಎದುರು ಹೋದ ವರ್ಷ ಇಲ್ಲದ ತೆಂಗಿನ ಗರಿಯೋ ಹಲಸಿನ ಕೊಂಬೆಯೋ ಬೆಳೆದಿದೆಯೇ, ಡಿಷ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಹೋಗುವ ಕೇಬಲ್ಲಿನ ತುದಿಯಲ್ಲಿ ನೀರಿಳಿದು ಹಸಿರು ಕಿಲುಬು ಕಟ್ಟಿದೆಯೇ ನೋಡಿ.

ಲಕ್ಷಣ 4: ಹಿಮ ಸುರಿದಂತೆ ಚುಕ್ಕೆ, ಅಡ್ಡಗೆರೆ

ಇದು ಟೇಪು ಮತ್ತು ಅದನ್ನು ಓದುವ ಹೆಡ್‌ನ ಕೆಲಸ. ಹಳೆಯ ಕ್ಯಾಸೆಟ್ಟೂ ಹೀಗೇ ಕಾಣುತ್ತಿದೆಯೇ ನೋಡಿ. ಅಡ್ಡಗೆರೆ ಮಾತ್ರವಾದರೆ ವಿಸಿಆರ್‌ನ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೆ ಸಾಕಾಗಬಹುದು. ಇಡೀ ಪರದೆ ಚುಕ್ಕೆಮಯವಾದರೆ ಹೆಡ್ ಕೊಳೆಯಾಗಿದೆ.

ಹೆಡ್ ಒರೆಸುವುದು ಹೀಗೆ: ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಹೆಡ್‌ಗಳನ್ನು ಹೊತ್ತ, ಹೊಳೆಯುವ ಉರುಟು ಡ್ರಮ್ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಚರ್ಮದ ತುಂಡನ್ನು ಡ್ರಮ್‌ಗೆ ಹಗುರಾಗಿ ಆನಿಸಿ, ಅದನ್ನು ಅಲುಗಿಸದೆ, ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲಿನ ಅಂಚು ಹಿಡಿದು ತಿರುಗಿಸಿ. ಮೇಲೆ–ಕೆಳಗೆ ಉಜ್ಜಿದರೆ ಹೆಡ್‌ನ ಸಣ್ಣ ತುದಿ ಮುರಿಯುತ್ತದೆ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಪೂರಾ ಆರಿದ ಮೇಲೆ ಕ್ಯಾಸೆಟ್ ಹಾಕಿ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕ್ಯಾಸೆಟ್ಟಿನ ಕಿಟಕಿಯೊಳಗೆ ಬಿಳಿ ಬೂಸ್ಟು ಕಂಡರೆ ಅದನ್ನು ಹಾಕಲೇಬೇಡಿ. ಒಂದು ಕ್ಯಾಸೆಟ್ಟಿನ ಬೂಸ್ಟು ಹೆಡ್‌ಗೆ ಅಂಟಿ, ಆಮೇಲೆ ಹಾಕಿದ ಎಲ್ಲ ಕ್ಯಾಸೆಟ್ಟುಗಳಿಗೂ ಹರಡುತ್ತದೆ.

ಲಕ್ಷಣ 5: ಬೆಳಕು ಏರುತ್ತದೆ, ಇಳಿಯುತ್ತದೆ

ಸ್ಟೆಬಿಲೈಸರ್ ತರಿಸಿದ ಲಕ್ಷಣ ಇದೇ. ಇದು ದೋಷವಲ್ಲ, ಬೀಗ. ಹೆಸರು ಮ್ಯಾಕ್ರೋವಿಷನ್. 1985ರಲ್ಲಿ ‘ದಿ ಕಾಟನ್ ಕ್ಲಬ್’ ಎಂಬ ಹಾಲಿವುಡ್ ಚಿತ್ರದ ಕ್ಯಾಸೆಟ್ಟಿನೊಂದಿಗೆ ಬಳಕೆಗೆ ಬಂತು.

ಅದು ಕೆಲಸ ಮಾಡುವ ರೀತಿ ಜಾಣತನದ್ದು. ಟಿವಿ ಚಿತ್ರದ ಒಂದು ಚೌಕಟ್ಟು ಮುಗಿದು ಇನ್ನೊಂದು ಶುರುವಾಗುವ ನಡುವೆ, ಪರದೆಯ ಮೇಲೆ ಕಾಣದ ಕೆಲವು ಗೆರೆಗಳಿರುತ್ತವೆ. ಬೀಗ ಹಾಕುವವರು ಅಲ್ಲಿ ವಿಪರೀತ ಪ್ರಖರವಾದ ಮಿಡಿತಗಳನ್ನು ಸೇರಿಸುತ್ತಾರೆ. ಟಿವಿ ಅದನ್ನು ಲೆಕ್ಕಿಸುವುದಿಲ್ಲ. ವಿಸಿಆರ್‌ನಲ್ಲಿ ಮಾತ್ರ ಬರುವ ಸಿಗ್ನಲ್ ಹೆಚ್ಚಾದರೆ ತಗ್ಗಿಸುವ, ಕಡಿಮೆಯಾದರೆ ಏರಿಸುವ ಒಂದು ಸ್ವಯಂಚಾಲಿತ ವ್ಯವಸ್ಥೆ ಇದೆ. ಸುಳ್ಳು ಮಿಡಿತ ನೋಡಿ ಅದು ‘ಬೆಳಕು ಜಾಸ್ತಿಯಾಯಿತು’ ಎಂದು ಇಡೀ ಚಿತ್ರವನ್ನು ತಗ್ಗಿಸುತ್ತದೆ. ಮಿಡಿತ ಬದಲಾದಾಗ ಮತ್ತೆ ಏರಿಸುತ್ತದೆ. ವಿಸಿಆರ್ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿರುವುದರಿಂದಲೇ ಚಿತ್ರ ಕೆಡುತ್ತದೆ!

ಡಿಟಿಎಚ್ ಬಾಕ್ಸಿನಲ್ಲಿ ಈ ಮಿಡಿತ ಆಕಾಶದಿಂದ ಬರುವುದಿಲ್ಲ. ‘ಈ ಕಾರ್ಯಕ್ರಮಕ್ಕೆ ಬೀಗ ಹಾಕು’ ಎಂಬ ಸೂಚನೆ ಮಾತ್ರ ಬರುತ್ತದೆ, ಹಾಕುವುದು ಬಾಕ್ಸ್. ಆದ್ದರಿಂದಲೇ ಅದೇ ಬಾಕ್ಸಿನಲ್ಲಿ ಚಂದನ ನೆಟ್ಟಗೆ, ದುಡ್ಡಿನ ಸಿನಿಮಾ ವಕ್ರ.

ರೆಕಾರ್ಡ್ ಮಾಡುವವರಿಗೂ ಬೀಗ ಹಾಕುವವರಿಗೂ ನಡುವಿನ ಈ ಜಗಳದ ತವರು ಅಮೆರಿಕ. ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲಿ ಸೋನಿ ಕಂಪನಿಯ ಮೊಕದ್ದಮೆಯಲ್ಲಿ ಹೇಳಿತು. ಅಲ್ಲಿನದೇ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆ, ವಿಸಿಆರ್‌ಗಳು ಈ ಬೀಗಕ್ಕೆ ತಲೆಬಾಗಲೇಬೇಕು ಎಂದಿತು. ಆದರೆ ಸಾಮಾನ್ಯ ಪ್ರಸಾರಕ್ಕೆ ಬೀಗ ಹಾಕುವಂತಿಲ್ಲ. ವೀಕ್ಷಕರು ಆರಿಸಿ ದುಡ್ಡು ಕೊಡುವ ಕಾರ್ಯಕ್ರಮಕ್ಕೆ ಹಾಕಬಹುದು ಎಂದೂ ಗೆರೆ ಎಳೆಯಿತು.

ಬೀಗ ಮುರಿಯುವ ಪೆಟ್ಟಿಗೆ ಮಾರುವವರು ಸಿಕ್ಕಾರು. ಕೊಳ್ಳಬೇಡಿ. ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆ ಮುರಿಯುವುದು ನಮ್ಮ ದೇಶದಲ್ಲೂ ಅಪರಾಧ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನಡಿ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡವಿದೆ.

ನ್ಯಾಯವಾಗಿ ಮಾಡಬಹುದಾದ್ದು ಎರಡಿವೆ. ಒಂದು, ನೋಡುವಾಗಲೇ ಚಿತ್ರ ಮಂಕಾಗುತ್ತಿದ್ದರೆ ಬಾಕ್ಸಿನ ಸಿಗ್ನಲ್ ವಿಸಿಆರ್ ಮೂಲಕ ಟಿವಿಗೆ ಹೋಗುತ್ತಿದೆ ಎಂದರ್ಥ. ರೆಕಾರ್ಡ್ ಮಾಡದಿದ್ದರೂ ಬೀಗ ಅಲ್ಲಿ ಕೆಲಸ ಮಾಡುತ್ತದೆ. ಬಾಕ್ಸನ್ನು ನೇರ ಟಿವಿಗೆ ಕೊಡಿ, ಸರಿಹೋಗುತ್ತದೆ. ಎರಡು ದಾರಿ ಬೇರೆ ಇಡಿ ಎಂದದ್ದು ಇದಕ್ಕೇ. ಇನ್ನೊಂದು, ಇಟ್ಟು ನೋಡಲೇಬೇಕಿದ್ದರೆ ರೆಕಾರ್ಡಿಂಗ್ ಇರುವ ಡಿಟಿಎಚ್ ಬಾಕ್ಸ್ ತೆಗೆದುಕೊಳ್ಳಿ. ನಮ್ಮಲ್ಲಿ ಅಂಥವು 2008ರ ಹೊತ್ತಿಗೇ ಬಂದಿದ್ದವು. ಕಂಪನಿ ಅನುಮತಿಸಿದ ಕಾರ್ಯಕ್ರಮವನ್ನು ಬಾಕ್ಸೇ ಉಳಿಸಿಕೊಂಡು ತಾನೇ ತೋರಿಸುತ್ತದೆ.

ಟೈಮರ್ ಇಟ್ಟವರಿಗೆ

ಇಲ್ಲಿ ಎರಡು ಗಡಿಯಾರಗಳಿವೆ. ಬಾಕ್ಸಿನ ಗಡಿಯಾರ ಉಪಗ್ರಹದಿಂದ ತಾನೇ ಸರಿಹೋಗುತ್ತದೆ. ವಿಸಿಆರ್‌ನದನ್ನು ನೀವೇ ಇಡಬೇಕು. ಲೋಡ್‌ಶೆಡ್ಡಿಂಗ್ ಆಗಿ ಸಮಯ ಮಿಣುಕುತ್ತಿದ್ದರೆ ಟೈಮರ್ ಓಡಿಲ್ಲವೆಂದೇ ತಿಳಿಯಿರಿ. ಟೈಮರಿನಲ್ಲಿ ಚಾನೆಲ್ ಎಂಬಲ್ಲಿ ‘ಎವಿ’ ಹಾಕಿ. ಬಾಕ್ಸನ್ನು ಆನ್ ಮಾಡಿ ಆ ಚಾನೆಲ್ಲಿನಲ್ಲೇ ಬಿಡಿ. ಬಹಳ ಹೊತ್ತು ರಿಮೋಟ್ ಒತ್ತದಿದ್ದರೆ ತಾನಾಗಿ ಸ್ಟ್ಯಾಂಡ್‌ಬೈಗೆ ಹೋಗುವ ಬಾಕ್ಸುಗಳಿವೆ; ಮೆನುವಿನಲ್ಲಿ ಅದನ್ನು ನಿಲ್ಲಿಸಿ.

ಕ್ಯಾಸೆಟ್ ಸಾಕೇ?

ಇ-180 ಕ್ಯಾಸೆಟ್ ಪಾಲ್‌ನಲ್ಲಿ ಎಸ್‌ಪಿ ಎಂಬ ಮಾಮೂಲಿ ವೇಗಕ್ಕೆ 3 ಗಂಟೆ, ಎಲ್‌ಪಿ ಎಂಬ ಅರ್ಧ ವೇಗಕ್ಕೆ 6 ಗಂಟೆ ಬರುತ್ತದೆ. ಇ-240ಗೆ 4 ಮತ್ತು 8. ನಮ್ಮ ಸಿನಿಮಾಗಳ ಉದ್ದಕ್ಕೆ ಇ-180 ಎಸ್‌ಪಿಯಲ್ಲಿ ಸಾಕು. ಏಕದಿನ ಕ್ರಿಕೆಟ್ ಪಂದ್ಯಕ್ಕೆ ಇ-240 ಎಲ್‌ಪಿಯೇ ಬೇಕು. ರೆಕಾರ್ಡ್ ಒತ್ತಿದ ಕೂಡಲೇ ಕ್ಯಾಸೆಟ್ ಹೊರಕ್ಕೆ ಬಂದರೆ ಅದರ ಬೆನ್ನಿನ ಸಣ್ಣ ಪ್ಲಾಸ್ಟಿಕ್ ಚೀಪು ಮುರಿದಿದೆ. ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಆದರೆ ಅಂಟಿಸುವ ಮುನ್ನ ಒಮ್ಮೆ ಹಾಕಿ ನೋಡಿ. ಆ ಚೀಪನ್ನು ಯಾರೋ ಬೇಕೆಂದೇ ಮುರಿದಿರುತ್ತಾರೆ. ಹೆಚ್ಚಿನ ಸಲ ಒಳಗಿರುವುದು ಯಾರದೋ ಮದುವೆ. ನೀವು ವಿಸಿಆರನ್ನು ಅಟ್ಟದಿಂದ ಇಳಿಸಿದ್ದೂ ಅದಕ್ಕಾಗಿಯೇ.