ಗಂಟಲುನೋವಿನ ಬೆನ್ನಿಗೆ ಬರುವ ನಂಜು: ಲೆಮಿಯರ್ ವ್ಯಾಧಿಯನ್ನು ಗುರುತಿಸುವ ಬಗೆ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿಯೋ ತಿರುಮಕೂಡಲಿನ ಸಂಗಮಸ್ನಾನದ ಜನಸಂದಣಿಯಲ್ಲಿಯೋ ಅಂಟಿದ ಗಂಟಲುನೋವು ಬಹುಮಟ್ಟಿಗೆ ಒಂದು ವಾರದೊಳಗೆ ತಾನಾಗಿಯೇ ಶಮನ ಹೊಂದುವುದು. ಆದರೆ ಅತಿ ವಿರಳವಾಗಿ, ಪ್ರಾಣವಾಯುವಿಲ್ಲದ ಎಡೆಯಲ್ಲಿ ವೃದ್ಧಿಸುವ ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಂ ಎಂಬ ಸೂಕ್ಷ್ಮಜೀವಿಯು ಗಂಟಲಿನಿಂದ ಒಳಗಿಳಿದು, ಕತ್ತಿನ ಪಾರ್ಶ್ವದಲ್ಲಿ ಹಾಯುವ ದೊಡ್ಡ ಅಭಿಧಮನಿಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸಿ, ಆ ಹೆಪ್ಪಿನ ನಂಜುತುಂಬಿದ ಚೂರುಗಳನ್ನು ಹೃದಯದ ಮಾರ್ಗವಾಗಿ ಶ್ವಾಸಕೋಶಗಳಿಗೆ ಅಟ್ಟುವುದುಂಟು. ಫ್ರಾನ್ಸಿನ ವೈದ್ಯರಾದ ಆಂದ್ರೆ ಲೆಮಿಯರ್ ಅವರು 1936ರಲ್ಲಿ ಇದನ್ನು ವಿಶದವಾಗಿ ವರ್ಣಿಸಿದಾಗ, ಅವರು ಹೇಳಿದ 20 ಮಂದಿ ರೋಗಿಗಳಲ್ಲಿ 18 ಮಂದಿ ಮೃತರಾಗಿದ್ದರು. ಇಂದು ಔಷಧವುಂಟು, ಸಕಾಲದಲ್ಲಿ ದೊರೆತರೆ ಬಹುತೇಕರು ಗುಣಹೊಂದುವರು. ಆದಕಾರಣ ಮನೆಯವರು ತಿಳಿದಿರಬೇಕಾದುದು ಮುಖ್ಯವಾಗಿ ಕಾಲವನ್ನೂ ಲಕ್ಷಣಗಳನ್ನೂ.

1. ದಿನಗಳನ್ನು ಗಮನಿಸಿರಿ. ಗಂಟಲುನೋವು ತೊಡಗಿದ ನಾಲ್ಕೈದು ದಿನಗಳಿಂದ ಎರಡು ಮೂರು ವಾರಗಳೊಳಗೆ, ಕೆಲವೊಮ್ಮೆ ನೋವು ಇಳಿದುಹೋದ ಮೇಲೆಯೇ, ಮೈಯೆಲ್ಲ ಗಡಗಡ ನಡುಗಿಸುವ ಚಳಿಜ್ವರ ಬಂದರೆ ಅದನ್ನು ಸಾಮಾನ್ಯ ಜ್ವರವೆಂದು ಎಣಿಸಕೂಡದು. ಈ ವ್ಯಾಧಿಯು ಆರೋಗ್ಯವಂತರಾದ ತರುಣ ತರುಣಿಯರಿಗೇ ಹೆಚ್ಚಾಗಿ ಬರತಕ್ಕದ್ದು.

2. ಕತ್ತನ್ನು ನೋಡಿರಿ. ದವಡೆಯ ಮೂಲೆಯಿಂದ ಕೆಳಕ್ಕೆ, ಒಂದೇ ಪಾರ್ಶ್ವದಲ್ಲಿ, ಮುಟ್ಟಿದರೆ ನೋಯುವ ಬಾವು ಕಂಡರೆ, ಉಳುಕೆಂದು ಎಣ್ಣೆ ಹಚ್ಚಿ ನೀವಿಸುವುದೂ, ಮಂಗನಬಾವೆಂದು ಸುಮ್ಮನೆ ಕಾಯುವುದೂ ಸಲ್ಲದು.

3. ತಡಮಾಡದೆ ಹೊರಡಿರಿ. ಈ ಎರಡು ಲಕ್ಷಣಗಳು ಕೂಡಿದರೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗತಕ್ಕದ್ದು. ಎದೆಯಲ್ಲಿ ಚುಚ್ಚುನೋವು, ಏದುಸಿರು, ಕೆಮ್ಮಿನಲ್ಲಿ ರಕ್ತ, ಮಂಕು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆಮಾಡಿರಿ. ನಂಜನಗೂಡಿನಿಂದ ಸುಮಾರು 23 ಕಿಲೋಮೀಟರ್ ದೂರದಲ್ಲಿರುವ, ತಿ. ನರಸೀಪುರದಿಂದ ಅದಕ್ಕಿಂತ ತುಸು ದೂರವಾದ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗಳುಂಟು.

4. ಪೂರ್ವಾಪರವನ್ನು ಹೇಳಿರಿ. ಜ್ವರವನ್ನಷ್ಟೇ ಹೇಳಿ ಗಂಟಲುನೋವನ್ನು ಮರೆತರೆ, ವೈದ್ಯರ ಗಮನ ನ್ಯುಮೋನಿಯದ ಕಡೆಗೆ ಹೊರಳುವ ಸಂಭವವುಂಟು. ಆದುದರಿಂದ ನೋವು ಎಂದು ತೊಡಗಿತು, ಯಾವ ಪಾರ್ಶ್ವದಲ್ಲಿ ಹೆಚ್ಚು ಎಂಬುದನ್ನು ತಿಳಿಸಿ, ನುಂಗಿದ ಮಾತ್ರೆಗಳ ಪಟ್ಟಿಯನ್ನೂ ತೋರಿಸಿರಿ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಅಜಿತ್ರೋಮೈಸಿನ್ ಈ ಜೀವಿಯ ಮೇಲೆ ನೆಚ್ಚತಕ್ಕ ಔಷಧವಲ್ಲ.

5. ಚಿಕಿತ್ಸೆಯನ್ನು ಪೂರೈಸಿರಿ. ರಕ್ತದಲ್ಲಿ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕೆಲವು ದಿನಗಳು ಹಿಡಿಯುವುದರಿಂದ, ವೈದ್ಯರು ಕತ್ತು ಮತ್ತು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ, ವರದಿಗೆ ಕಾಯದೆ ಪೆನಿಸಿಲಿನ್ ವರ್ಗದ ಔಷಧವನ್ನೂ ಮೆಟ್ರೊನಿಡಜೋಲನ್ನೂ ರಕ್ತನಾಳದ ಮೂಲಕ ಕೊಡಲಾರಂಭಿಸುವರು. ಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಆರು ವಾರ ನಡೆಯತಕ್ಕದ್ದು. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ನಂಜು ಮರುಕಳಿಸಬಹುದು.

ಓದಿಗಾಗಿ ಮನೆಬಿಟ್ಟು ಹಾಸ್ಟೆಲುಗಳಲ್ಲಿರುವ ಮಕ್ಕಳ ತಂದೆತಾಯಿಗಳಲ್ಲಿ ನನ್ನ ವಿಶೇಷ ವಿಜ್ಞಾಪನೆಯೊಂದುಂಟು. ಗಂಟಲುನೋವು ವಾಸಿಯಾಯಿತೆಂದು ಮಗುವು ಫೋನಿನಲ್ಲಿ ಹೇಳಿದ ಮೇಲೆಯೂ ಎರಡು ಮೂರು ವಾರಗಳವರೆಗೆ, ಚಳಿಜ್ವರ ಬಂದಿತೆ, ಕತ್ತಿನ ಒಂದು ಪಕ್ಕ ನೋಯುವುದೆ ಎಂದು ಕೇಳುತ್ತಿರಿ; ಹೌದೆಂದರೆ, ಊರಿಗೆ ಬಾ ಎನ್ನದೆ, ಆ ಕ್ಷಣವೇ ಸಮೀಪದ ಆಸ್ಪತ್ರೆಗೆ ಹೋಗೆನ್ನಿರಿ.